ಸರ್ಕಾರಿ ನೌಕರರ ಅಲಕ್ಷ್ಯದಿಂದ ಹಾನಿಯಾದರೆ ಪರಿಹಾರ ಪಡೆಯುವುದು ಹೇಗೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರಿಗೆ ಸಮಗ್ರ ಮಾರ್ಗದರ್ಶಿ

ಹೊಲದಲ್ಲಿ ಕರೆಂಟ್ ತಂತಿ ಕಡಿದು ಬಿದ್ದು ಜೀವ ಹೋಯಿತು. ಸರ್ಕಾರಿ ಬಸ್ ಬಡಿದು ಕಾಲು ಮುರಿಯಿತು. ಒಳಚರಂಡಿಗೆ ಅಂತ ತೋಡಿದ ಗುಂಡಿಗೆ ರಾತ್ರಿ ಬೈಕ್ ಬಿತ್ತು. ಇಂಥದ್ದು ಆದಾಗ ನಮ್ಮ ಕಡೆ ಮೊದಲು ಆಗೋದು ಜಗಳ. ಜನ ಸೇರುತ್ತಾರೆ, ರಸ್ತೆ ತಡೆಯುತ್ತಾರೆ, ಸಿಕ್ಕ ಡ್ರೈವರ್‌ಗೋ ಲೈನ್‌ಮನ್‌ಗೋ ಎರಡೇಟು ಬೀಳುತ್ತದೆ. ಸಾಹೇಬರು ಬಂದು "ಪರಿಹಾರ ಕೊಡಿಸೋಣ" ಅನ್ನುತ್ತಾರೆ. ಜನ ಮನೆಗೆ ಹೋಗುತ್ತಾರೆ. ಆರು ತಿಂಗಳ ಮೇಲೆ ಆ ಸಾಹೇಬರಿಗೆ ವರ್ಗಾವಣೆ ಆಗಿರುತ್ತದೆ, ಮನೆಯವರ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಕಾನೂನಿನಲ್ಲಿ ದಾರಿ ಇದೆ. ಆ ದಾರಿಯಲ್ಲಿ ಗಡುವುಗಳೂ ಇವೆ, ಅದೇ ತೊಂದರೆ. ಕೇಸ್ ಸೋಲೋದು ಬಹುತೇಕ ಕೋರ್ಟಿನಲ್ಲಿ ಅಲ್ಲ, ಮೊದಲ ಕೆಲವು ವಾರಗಳಲ್ಲಿ. ಅದಕ್ಕೇ ಇಲ್ಲಿ ವಾದ ಕಡಿಮೆ, ಕಾಗದದ ಕೆಲಸ ಜಾಸ್ತಿ ಹೇಳಿದ್ದೇನೆ.

ನೌಕರನ ತಪ್ಪಿಗೆ ಕಚೇರಿ ಯಾಕೆ ಹೊಣೆ?

ಕೆಲಸಗಾರ ಕೆಲಸದ ಮೇಲಿದ್ದಾಗ ಮಾಡಿದ ತಪ್ಪಿಗೆ ಕೆಲಸ ಕೊಟ್ಟವನೇ ಹೊಣೆ. ನಿಯಮ ಇಷ್ಟೇ. ಖಾಸಗಿ ಮಾಲೀಕನಿಗೆ ಇದು ಅನ್ವಯಿಸುವುದರಲ್ಲಿ ಯಾವತ್ತೂ ಅನುಮಾನ ಇರಲಿಲ್ಲ. ಸರ್ಕಾರಕ್ಕೂ ಅನ್ವಯಿಸುತ್ತದಾ ಅನ್ನೋದೇ ಪ್ರಶ್ನೆಯಾಗಿತ್ತು. ಉದಯಪುರದ ಕಲೆಕ್ಟರ್ ಜೀಪನ್ನು ರಿಪೇರಿ ಮುಗಿಸಿ ವಾಪಸ್ ತರುವಾಗ ಡ್ರೈವರ್ ಒಬ್ಬ ಪಾದಚಾರಿಗೆ ಗುದ್ದಿದ್ದ, ಆತ ತೀರಿಕೊಂಡ. ರಾಜಸ್ಥಾನ ಸರ್ಕಾರವೇ ಪರಿಹಾರ ಕೊಡಬೇಕು ಅಂತ 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೂರೇ ವರ್ಷಕ್ಕೆ, 1965ರ ಕಸ್ತೂರಿಲಾಲ್ ಪ್ರಕರಣದಲ್ಲಿ ಅದೇ ಕೋರ್ಟ್ ಬೇರೆ ಮಾತಾಡಿತು. ಪೊಲೀಸರು ವಶಪಡಿಸಿಕೊಂಡ ಚಿನ್ನವನ್ನು ಹೆಡ್ ಕಾನ್‌ಸ್ಟೇಬಲ್ ಒಬ್ಬ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋಗಿದ್ದ. ಪೊಲೀಸ್ ಅಧಿಕಾರ ಸರ್ಕಾರದ ಸಾರ್ವಭೌಮ ಕೆಲಸ, ಅಂದರೆ ಸರ್ಕಾರ ಮಾತ್ರ ಮಾಡಬಲ್ಲ ಆಳ್ವಿಕೆಯ ಕೆಲಸ, ಅದಕ್ಕೆ ಪರಿಹಾರ ಇಲ್ಲ ಅಂತ ತೀರ್ಪಾಯಿತು.

ಸರ್ಕಾರಿ ವಕೀಲರು ಈ ಎರಡನೇ ತೀರ್ಪನ್ನು ಇವತ್ತಿಗೂ ಒಮ್ಮೊಮ್ಮೆ ತೆಗೆಯುತ್ತಾರೆ. ಹೆದರಬೇಡಿ. 1993ರ ನೀಲಬತಿ ಬೆಹೆರಾ, 1994ರ ನಾಗೇಂದ್ರ ರಾವ್ ತೀರ್ಪುಗಳು ಬಂದ ಮೇಲೆ ಆ ವಿನಾಯಿತಿಯಲ್ಲಿ ಉಳಿದಿರೋದು ಬಹಳ ಕಡಿಮೆ. ಅದಲ್ಲದೆ ಬಸ್ ಓಡಿಸೋದು, ಕರೆಂಟ್ ಕೊಡೋದು, ರಸ್ತೆ ಅಗೆಯೋದು, ಆಸ್ಪತ್ರೆ ನಡೆಸೋದು ಯಾವುದೂ ಸಾರ್ವಭೌಮ ಕೆಲಸ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವಾಗ ಹೊಟ್ಟೆಯಲ್ಲಿ ಟವೆಲ್ ಬಿಟ್ಟು ಹೊಲಿದ ಪ್ರಕರಣದಲ್ಲಿ 1996ರಲ್ಲಿ ಮಹಾರಾಷ್ಟ್ರ ಸರ್ಕಾರವೇ ಹೊಣೆ ಅಂತ ಸುಪ್ರೀಂ ಕೋರ್ಟ್ ಹೇಳಿದೆ.

ನೀವು ತೋರಿಸಬೇಕಾದ್ದು ಇಷ್ಟು: ತಪ್ಪು ಮಾಡಿದವನು ಆ ಕಚೇರಿಯ ಕೆಲಸದ ಮೇಲಿದ್ದ, ಎಚ್ಚರದಿಂದ ಇರಬೇಕಾದಲ್ಲಿ ಇರಲಿಲ್ಲ, ಅದರಿಂದಲೇ ನಿಮಗೆ ಹಾನಿಯಾಯಿತು.

ಹೆಜ್ಜೆ 1: ಮೊದಲ ಎರಡು ದಿನ

ಪೊಲೀಸ್ ದೂರು ಆಗಲೇಬೇಕು. ಸಾವಾಗಿದ್ದರೆ ಮರಣೋತ್ತರ ಪರೀಕ್ಷೆ ಬಿಡಬೇಡಿ. "ಹೋದ ಜೀವ ಬರುತ್ತಾ, ಕೊಯ್ಯೋದು ಯಾಕೆ" ಅಂತ ಹಿರಿಯರು ಹೇಳಬಹುದು. ಆದರೆ ಆ ವರದಿ ಇಲ್ಲದಿದ್ದರೆ ಕರೆಂಟ್ ಹೊಡೆದು ಸತ್ತದ್ದೋ ಹೃದಯಾಘಾತವೋ ಅನ್ನೋ ವಾದವೇ ವರ್ಷಗಟ್ಟಲೆ ನಡೆಯುತ್ತದೆ.

ಪಂಚನಾಮೆ ಬರೆಯುವಾಗ ಮನೆಯವರಲ್ಲಿ ಓದಲು ಬರುವವರೊಬ್ಬರು ಅಲ್ಲೇ ನಿಂತಿರಲಿ. ಕರೆಂಟ್ ಕೇಸಾದರೆ ಕಂಬದ ಮೇಲೆ ಬರೆದ ನಂಬರ್, ಟಿಸಿ (ಟ್ರಾನ್ಸ್‌ಫಾರ್ಮರ್) ನಂಬರ್, ತಂತಿ ಎಲ್ಲಿ ಕಡಿದಿದೆ, ಕಂಬ ವಾಲಿದೆಯಾ ಅನ್ನೋದು ಅದರಲ್ಲಿ ಬರಬೇಕು. ಗುಂಡಿ ಕೇಸಾದರೆ ಗುಂಡಿಯ ಉದ್ದ, ಅಗಲ, ಆಳ, ಸುತ್ತ ಬ್ಯಾರಿಕೇಡ್ ಇತ್ತಾ, ಬೀದಿದೀಪ ಉರಿಯುತ್ತಿತ್ತಾ ಅನ್ನೋದು. ಸಹಿ ಹಾಕುವ ಮುಂಚೆ ಓದಿಸಿಕೊಳ್ಳಿ. "ಆಕಸ್ಮಿಕವಾಗಿ" ಅಂತ ಒಂದು ಪದ ಅದರಲ್ಲಿ ಸುಮ್ನೆ ಸೇರಿಕೊಂಡಿದ್ದರೆ, ಮುಂದೆ ಎದುರು ವಕೀಲರು ಅದನ್ನೇ ಹಿಡಿದು ಎಳೆದಾಡುತ್ತಾರೆ.

ಫೋಟೋ, ವಿಡಿಯೋ ಅವತ್ತೇ ತೆಗೆಯಿರಿ. ಅಪಘಾತ ಆದ ಮಾರನೇ ದಿನವೇ ಗುಂಡಿ ಮುಚ್ಚಿರುತ್ತದೆ, ಹೊಸ ಕಂಬ ನಿಂತಿರುತ್ತದೆ. ಕಚೇರಿಗಳು ಅಷ್ಟು ಚುರುಕಾಗೋದು ಅವತ್ತು ಮಾತ್ರ! ಮೂಲ ಫೈಲನ್ನು ಫೋನ್‌ನಲ್ಲಿ ಹಾಗೇ ಇಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ಸಮಯ, ಸ್ಥಳದ ಮಾಹಿತಿ ಅಳಿಸಿ ಹೋಗಿರುತ್ತದೆ.

ಹೆಜ್ಜೆ 2: ಆ ರಸ್ತೆ, ಆ ಕಂಬ ಯಾರದ್ದು?

ಹುಬ್ಬಳ್ಳಿ-ಧಾರವಾಡದಲ್ಲಿ ಎಡವೋದು ಇಲ್ಲೇ. ಒಂದೇ ಊರಿನಲ್ಲಿ ಒಂದು ರಸ್ತೆ ಪಾಲಿಕೆಯದ್ದು, ಇನ್ನೊಂದು ಲೋಕೋಪಯೋಗಿ ಇಲಾಖೆಯದ್ದು, ಮತ್ತೊಂದು ರಾಷ್ಟ್ರೀಯ ಹೆದ್ದಾರಿ. ಪುಣೆ-ಬೆಂಗಳೂರು ರಸ್ತೆ ಹೆದ್ದಾರಿ 48, ಗದಗ ಕಡೆ ಹೋಗೋದು ಹೆದ್ದಾರಿ 67. ಅವಳಿ ನಗರದ ನಡುವೆ ಚಿಗರಿ ಬಸ್ಸಿನ ಬಿಆರ್‌ಟಿಎಸ್ ಪಥಕ್ಕೆ ಬೇರೆಯೇ ಕಂಪನಿ ಇದೆ. ಗದಗ-ಬೆಟಗೇರಿ ಮತ್ತು ಹಾವೇರಿಯಲ್ಲಿ ನಗರಸಭೆ. ಹಳ್ಳಿ ರಸ್ತೆಯಾದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೂ ಇರಬಹುದು.

ಕರೆಂಟ್ ಆದರೆ ಈ ಭಾಗಕ್ಕೆ ವಿದ್ಯುತ್ ಹಂಚುವ ಕಂಪನಿ ಹೆಸ್ಕಾಂ, ಮುಖ್ಯ ಕಚೇರಿ ಹುಬ್ಬಳ್ಳಿಯ ನವನಗರದಲ್ಲಿ. ದೊಡ್ಡ ಟವರ್ ಲೈನ್ ಆಗಿದ್ದರೆ ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಇರಬಹುದು, ಕೇಳಿ ಖಚಿತ ಮಾಡಿಕೊಳ್ಳಿ. ಬಸ್ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದ್ದಾದರೆ ಅದರ ಮುಖ್ಯ ಕಚೇರಿ ಗೋಕುಲ ರಸ್ತೆಯಲ್ಲಿ. ಸರ್ಕಾರಿ ಆಸ್ಪತ್ರೆ, ಶಾಲೆ, ಇಲಾಖೆಯ ಜೀಪು ಇವಕ್ಕೆಲ್ಲ ಎದುರುದಾರ "ಕರ್ನಾಟಕ ರಾಜ್ಯ". ವೈದ್ಯಾಧಿಕಾರಿಯನ್ನೋ ತಹಶೀಲ್ದಾರರನ್ನೋ ಮಾತ್ರ ಪಾರ್ಟಿ ಮಾಡಿ ರಾಜ್ಯವನ್ನು ಬಿಟ್ಟರೆ ದಾವೆ ಕುಂಟುತ್ತದೆ.

ಕೆಲಸ ಗುತ್ತಿಗೆದಾರನದ್ದಾದರೆ? ಕಚೇರಿಯವರು ಮೊದಲು ಹೇಳೋದೇ ಅದು: "ನಮ್ಮ ಮಂದಿ ಅಲ್ರೀ, ಕಾಂಟ್ರಾಕ್ಟರ್ ಮಂದಿ." ಇಬ್ಬರನ್ನೂ ಪಾರ್ಟಿ ಮಾಡಿ. ಸಾರ್ವಜನಿಕ ರಸ್ತೆಯನ್ನು ಅಪಾಯವಿಲ್ಲದಂತೆ ಇಡುವ ಹೊಣೆಯನ್ನು ಟೆಂಡರ್ ಕರೆದು ಕೈ ತೊಳೆದುಕೊಳ್ಳಲು ಬರುವುದಿಲ್ಲ. ಯಾರು ಎಷ್ಟು ಕೊಡಬೇಕು ಅನ್ನೋದನ್ನು ಅವರಿಬ್ಬರೇ ಬಡಿದಾಡಿಕೊಳ್ಳಲಿ.

ಹೆಜ್ಜೆ 3: ಹಳೆಯ ದೂರು ಹುಡುಕಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಯಾಕೆ ಅಂತ ಎರಡು ತೀರ್ಪುಗಳಿಂದ ಗೊತ್ತಾಗುತ್ತದೆ.

ದೆಹಲಿಯ ಚಾಂದನಿ ಚೌಕದಲ್ಲಿ ಪಾಲಿಕೆಯ ಗಡಿಯಾರ ಗೋಪುರ ಕುಸಿದು ಜನ ಸತ್ತಿದ್ದರು. 40-45 ವರ್ಷ ಬಾಳುವ ಕಟ್ಟಡಕ್ಕೆ 80 ವರ್ಷವಾಗಿತ್ತು. ಅಲಕ್ಷ್ಯವನ್ನು ಬೇರೆ ಸಾಬೀತು ಮಾಡುವ ಅಗತ್ಯವೇ ಇಲ್ಲ, ಗೋಪುರ ಬಿದ್ದದ್ದೇ ಸಾಕ್ಷಿ ಅಂತ 1966ರಲ್ಲಿ ಸುಪ್ರೀಂ ಕೋರ್ಟ್ ಪಾಲಿಕೆಯನ್ನು ಹೊಣೆ ಮಾಡಿತು. ಆದರೆ 1997ರಲ್ಲಿ ರಾಜಕೋಟದ ಪ್ರಕರಣ ಬಂತು. ರಸ್ತೆಬದಿ ಮರ ಬಿದ್ದು ಕೆಲಸಕ್ಕೆ ಹೊರಟಿದ್ದವರೊಬ್ಬರು ತೀರಿಕೊಂಡಿದ್ದರು. ಅಲ್ಲಿ ಕುಟುಂಬ ಸೋತಿತು. ಮರ ಬೀಳುವ ಸ್ಥಿತಿಯಲ್ಲಿದೆ ಅಂತ ಪಾಲಿಕೆಗೆ ಗೊತ್ತಿತ್ತು ಅನ್ನೋದು ಆ ಕೇಸಿನಲ್ಲಿ ರುಜುವಾಗಲಿಲ್ಲ.

ಮಳೆಗಾಲದಲ್ಲಿ ಧಾರವಾಡದಲ್ಲಿ ಮರ ಬೀಳೋದು ಹೊಸದೇನಲ್ಲ. "ಈ ಮರ ಒಣಗಿದೆ, ಕಡಿಸಿ" ಅಂತ ಓಣಿಯವರು ಮೊದಲೇ ಬರೆದುಕೊಟ್ಟ ಒಂದು ಅರ್ಜಿ ಇದ್ದರೆ ನಿಮ್ಮ ಕೇಸಿನ ಬಲವೇ ಬೇರೆ. ಅಂಥದ್ದೇನೂ ಇಲ್ಲದಿದ್ದರೆ ರಾಜಕೋಟದ ತೀರ್ಪು ಎದುರಿಗೆ ಬಂದು ನಿಲ್ಲುತ್ತದೆ.

ಹೊಲದ ಕಡೆಯೂ ಹಾಗೇ. ನವಲಗುಂದ, ನರಗುಂದ, ಅಣ್ಣಿಗೇರಿ ಕಡೆಯದ್ದು ಎರೆ ಭೂಮಿ. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಕಂಬ ವಾಲುತ್ತವೆ, ತಂತಿ ಜೋತು ಬೀಳುತ್ತದೆ. ರೈತರು ಲೈನ್‌ಮನ್‌ಗೆ ಬಾಯಿಮಾತಲ್ಲಿ ಹತ್ತು ಸಲ ಹೇಳಿರುತ್ತಾರೆ. ಬಾಯಿಮಾತು ಕೋರ್ಟಿಗೆ ಬರಲ್ಲ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿದ ದಾಖಲೆ, ಮೊಬೈಲ್‌ಗೆ ಬಂದ ದೂರು ಸಂಖ್ಯೆ, ಗ್ರಾಮ ಪಂಚಾಯಿತಿ ಠರಾವು, ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕೊಟ್ಟ ದೂರು, ಸ್ಥಳೀಯ ಪತ್ರಿಕೆಯಲ್ಲಿ ಬಂದ ಫೋಟೋ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಕ್ಕಪಕ್ಕದ ಹೊಲದವರನ್ನೂ ಕೇಳಿ. ನಿಮ್ಮ ಮನೆಯವರೇ ಕೊಟ್ಟ ದೂರು ಆಗಬೇಕಿಲ್ಲ.

ಉಳಿದದ್ದಕ್ಕೆ ಮಾಹಿತಿ ಹಕ್ಕು ಇದೆ. ಕರ್ನಾಟಕದಲ್ಲಿ ಅರ್ಜಿಗೆ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಇದನ್ನು ಮರೆತು ಎಲ್ಲವನ್ನೂ ಒಂದರಲ್ಲೇ ತುಂಬಿದರೆ ತಿರಸ್ಕರಿಸಲು ಅವರಿಗೆ ನೆಪ ಸಿಗುತ್ತದೆ. ದೂರು ರಿಜಿಸ್ಟರ್‌ಗೆ ಒಂದು ಅರ್ಜಿ, ನಿರ್ವಹಣೆ ದಾಖಲೆಗೆ ಒಂದು, ಗುತ್ತಿಗೆದಾರನಿಗೆ ಕೊಟ್ಟ ಕಾರ್ಯಾದೇಶಕ್ಕೆ ಇನ್ನೊಂದು. "ಯಾಕೆ ರಿಪೇರಿ ಮಾಡಲಿಲ್ಲ" ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ ಅಂತಾರೆ. "ಇಂಥ ತಿಂಗಳಿಂದ ಇಂಥ ತಿಂಗಳವರೆಗಿನ ದೂರು ರಿಜಿಸ್ಟರ್ ಪುಟಗಳ ದೃಢೀಕೃತ ಪ್ರತಿ ಕೊಡಿ" ಅಂತ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ.

ಕರೆಂಟ್ ಕೇಸಿನಲ್ಲಿ ಇನ್ನೂ ಒಂದು ದಾಖಲೆ ಉಂಟು. 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 161ರ ಪ್ರಕಾರ ಇಂಥ ಅಪಘಾತದ ವರದಿ ವಿದ್ಯುತ್ ಪರಿವೀಕ್ಷಕರಿಗೆ ಹೋಗಬೇಕು. ಅವರು ಹೆಸ್ಕಾಂನವರಲ್ಲ, ಬೇರೆ ಇಲಾಖೆಯವರು. ಅವರು ತನಿಖೆ ಮಾಡಿ ಬರೆದ ವರದಿಯ ಪ್ರತಿ ತೆಗೆಸಿಕೊಳ್ಳಿ. ನಿರ್ವಹಣೆ ಲೋಪ ಅಂತ ಅದರಲ್ಲೇ ಬರೆದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಹೆಜ್ಜೆ 4: ಯಾವ ಬಾಗಿಲು ತಟ್ಟಬೇಕು?

ಬಸ್, ಜೀಪು, ಕಸದ ಗಾಡಿ ಯಾವುದೇ ವಾಹನ ಆಗಿರಲಿ, ಮೋಟಾರು ಅಪಘಾತ ನ್ಯಾಯಮಂಡಳಿ. ಜನ ಎಂವಿಸಿ ಕೇಸ್ ಅಂತಾರೆ. ನೋಟಿಸ್ ಕೊಟ್ಟು ಕಾಯುವ ಗೊಡವೆ ಇಲ್ಲ. ಸಾರಿಗೆ ಸಂಸ್ಥೆ ಬಸ್ಸಿಗೆ ವಿಮಾ ಕಂಪನಿ ಇಲ್ಲ ಅಂತ ಗಾಬರಿ ಬೇಡ, ಅವರದ್ದೇ ಆಂತರಿಕ ವಿಮಾ ನಿಧಿ ಇದೆ, ಸಂಸ್ಥೆಯೇ ಕಟ್ಟುತ್ತದೆ. ಅಪಘಾತ ಬೇರೆ ಜಿಲ್ಲೆಯಲ್ಲಿ ಆಗಿದ್ದರೂ ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು.

ರೈಲಿನಿಂದ ಬಿದ್ದು ಸಾವಾದರೆ ಬೇರೆ ಲೆಕ್ಕ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ಇದ್ದರೂ ಅರ್ಜಿ ಹೋಗಬೇಕಾದ್ದು ಬೆಂಗಳೂರಿನ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ, ಒಂದು ವರ್ಷದೊಳಗೆ. ಅಲ್ಲಿ ಯಾರದ್ದು ತಪ್ಪು ಅಂತ ಸಾಬೀತು ಮಾಡಬೇಕಿಲ್ಲ. ಆತ್ಮಹತ್ಯೆ, ಕುಡಿದ ಅಮಲು ಇಂಥ ಕೆಲವು ಕಾರಣ ಬಿಟ್ಟರೆ ಸಾವಿಗೆ 8 ಲಕ್ಷ ರೂಪಾಯಿ ನಿಗದಿಯಾಗಿದೆ.

ಕರೆಂಟ್, ಗುಂಡಿ, ಮರ, ಆಸ್ಪತ್ರೆ ಇವಕ್ಕೆ ಸಿವಿಲ್ ಕೋರ್ಟ್ ದಾವೆಯೇ ಮುಖ್ಯ ದಾರಿ. ಸರ್ಕಾರಿ ಆಸ್ಪತ್ರೆ ಅಂದ ಕೂಡಲೇ ಗ್ರಾಹಕರ ಆಯೋಗಕ್ಕೆ ಓಡುವವರಿದ್ದಾರೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕರ ಕಾಯ್ದೆಗೆ ಬರುವುದಿಲ್ಲ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಹೈಕೋರ್ಟ್. 2008ರಲ್ಲಿ ಧಾರವಾಡಕ್ಕೆ ಪೀಠ ಬಂದ ಮೇಲೆ ರಿಟ್, ಅಂದರೆ ನೇರವಾಗಿ ಹೈಕೋರ್ಟಿಗೇ ಕೊಡುವ ಅರ್ಜಿ, ಹಾಕಲು ಬೆಂಗಳೂರಿಗೆ ಅಲೆಯೋದು ತಪ್ಪಿದೆ. ಕಚೇರಿಯವರೇ ತಪ್ಪು ಒಪ್ಪಿಕೊಂಡಿದ್ದರೆ, ಅಥವಾ ಪರಿವೀಕ್ಷಕರ ವರದಿ ಸ್ಪಷ್ಟವಾಗಿದ್ದರೆ ರಿಟ್ ಬೇಗ ಕೆಲಸ ಮಾಡುತ್ತದೆ. ರಸ್ತೆ ಗುಂಡಿಯಿಂದ ಹಾನಿಯಾದವರಿಗೆ ಬೆಂಗಳೂರು ಪಾಲಿಕೆ ಪರಿಹಾರ ಕೊಡಬೇಕು ಅಂತ ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿದ್ದೂ ರಿಟ್‌ನಲ್ಲೇ. ಆದರೆ ಘಟನೆ ಹೇಗಾಯಿತು ಅನ್ನೋದರಲ್ಲೇ ಜಗಳ ಇದ್ದರೆ ರಿಟ್ ಬೇಡ. 1999ರಲ್ಲಿ ಒರಿಸ್ಸಾದ ವಿದ್ಯುತ್ ಕೇಸುಗಳಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ಕುಟುಂಬಗಳನ್ನು ಸಿವಿಲ್ ಕೋರ್ಟಿಗೆ ಹೋಗಿ ಅಂತ ವಾಪಸ್ ಕಳಿಸಿತು. ಅಷ್ಟರಲ್ಲಿ ವರ್ಷಗಳೇ ಹೋಗಿರುತ್ತವೆ.

ದುಡ್ಡಿಲ್ಲ ಅಂತ ಕೈ ಚೆಲ್ಲಬೇಡಿ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಇವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡಬೇಕು. ಪ್ರಾಧಿಕಾರದ ಕಚೇರಿ ಆಯಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಫೋನ್ ನಂಬರ್ 15100. ಗಂಡ ತೀರಿಕೊಂಡ ಹೆಂಡತಿ ತನ್ನ ಹೆಸರಲ್ಲಿ ಅರ್ಜಿ ಹಾಕಿದರೆ ಸಾಕು.

ಹೆಜ್ಜೆ 5: ನೋಟಿಸ್

ಸರ್ಕಾರದ ಮೇಲೆ ದಾವೆ ಹಾಕುವ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 80ರಡಿ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಇದನ್ನು ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ತಲುಪಿಸಬೇಕು. ಪಾಲಿಕೆಗೆ 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ 60 ದಿನದ ನೋಟಿಸ್ ಬೇರೆ ಇದೆ. ಹೆಸ್ಕಾಂ ಒಂದು ಕಂಪನಿ, ಅದಕ್ಕೆ ಸೆಕ್ಷನ್ 80 ನೇರವಾಗಿ ಅನ್ವಯಿಸಲ್ಲ. ಆದರೂ ಕೊಡಿ, ಕಳೆದುಕೊಳ್ಳೋದೇನಿಲ್ಲ.

ನೋಟಿಸಿನಲ್ಲಿ ನಿಮ್ಮ ಹೆಸರು, ವಿವರ, ವಿಳಾಸ, ಏನಾಯಿತು, ಏನು ಕೇಳುತ್ತಿದ್ದೀರಿ ಇಷ್ಟು ಇರಲೇಬೇಕು. ಸಿಟ್ಟು, ಶಾಪ ಬೇಡ. ಹೀಗಿರಲಿ:

"ಈ ದಿನಾಂಕದಂದು ಬೆಳಗ್ಗೆ ಸುಮಾರು 6.30ಕ್ಕೆ ನನ್ನ ಗಂಡ ನಮ್ಮ ಹೊಲದ ಬದುವಿನ ಮೇಲೆ ಹೋಗುತ್ತಿದ್ದಾಗ, ಇಂಥ ನಂಬರಿನ ಕಂಬದಿಂದ ಕಡಿದು ಬಿದ್ದಿದ್ದ ತಂತಿ ತಗುಲಿ ಸ್ಥಳದಲ್ಲೇ ತೀರಿಕೊಂಡರು. ಆ ಕಂಬ ವಾಲಿದೆ ಎಂದು ಇಂಥ ದಿನ ನಿಮ್ಮ ಶಾಖಾ ಕಚೇರಿಗೆ ಕೊಟ್ಟ ಅರ್ಜಿಯ ಸ್ವೀಕೃತಿ ಪ್ರತಿ ಲಗತ್ತಿಸಿದೆ. ರಿಪೇರಿ ಆಗಲಿಲ್ಲ. ನನಗೂ ನನ್ನ ಇಬ್ಬರು ಮಕ್ಕಳಿಗೂ ಅತ್ತೆಗೂ ಇಷ್ಟು ರೂಪಾಯಿ ಪರಿಹಾರವನ್ನು ಬಡ್ಡಿಸಹಿತ ಕೊಡಬೇಕು. ತಪ್ಪಿದಲ್ಲಿ ದಾವೆ ಹೂಡುತ್ತೇನೆ."

ಅಂಚೆಯಲ್ಲೂ ಕಳಿಸಿ, ಕೈಯಾರೆಯೂ ಕೊಡಿ. ಕೈಯಾರೆ ಕೊಡುವಾಗ ಟಪಾಲು ಶಾಖೆಯಲ್ಲಿ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಮೂರೂ ಬೀಳಬೇಕು. "ಸಾಹೇಬರಿಗೆ ಕೊಡ್ತೀನಿ, ಇಟ್ಟು ಹೋಗ್ರಿ" ಅಂದರೆ ಇಟ್ಟು ಬರಬೇಡಿ.

ಹೆಜ್ಜೆ 6: ಗಡುವು

ಮೋಟಾರು ಅಪಘಾತದ ಅರ್ಜಿಗೆ 2022ರ ಏಪ್ರಿಲ್‌ನಿಂದ ಆರು ತಿಂಗಳ ಮಿತಿ ಬಂದಿದೆ. ಸಾವಿನ ಪರಿಹಾರಕ್ಕೆ 1855ರ ಮಾರಣಾಂತಿಕ ಅಪಘಾತ ಕಾಯ್ದೆಯಡಿ ದಾವೆ ಹಾಕಲು ಎರಡು ವರ್ಷ. ಕಾನೂನಿನಡಿ ಮಾಡಿದ ಕೆಲಸದಿಂದ ಹಾನಿಯಾಯಿತು ಅನ್ನೋ ದಾವೆಗೆ ಒಂದೇ ವರ್ಷ. ಇದರಲ್ಲಿ ಯಾವುದು ಅನ್ವಯ ಅಂತ ವಕೀಲರೇ ವಾದ ಮಾಡುತ್ತಾರೆ. ನೀವು ಆ ವಾದಕ್ಕೆ ಸಿಕ್ಕಿಕೊಳ್ಳಬೇಡಿ. ಪಾಲಿಕೆ, ನಗರಸಭೆ ಇದ್ದರೆ ಆರು ತಿಂಗಳು, ವಾಹನದ ಕೇಸು ಬಿಟ್ಟು ಉಳಿದದ್ದಕ್ಕೆ ಒಂದು ವರ್ಷ ಅಂದುಕೊಂಡೇ ಓಡಾಡಿ. ಅಂದರೆ ನೋಟಿಸ್ ಮೊದಲ ಎರಡು ತಿಂಗಳೊಳಗೆ ಹೋಗಿರಬೇಕು. ಗಡುವು ಎಣಿಸುವಾಗ ಕಡ್ಡಾಯ ನೋಟಿಸಿನ ಅವಧಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಹೌದು. ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ಹೆಜ್ಜೆ 7: ಎಷ್ಟು ಕೇಳಬೇಕು?

ಬಾಯಿಗೆ ಬಂದ ಸಂಖ್ಯೆ ಬೇಡ. ಮೋಟಾರು ಕೇಸುಗಳಿಗೆ 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಥಿ ತೀರ್ಪುಗಳು ಲೆಕ್ಕದ ಸೂತ್ರ ಕೊಟ್ಟಿವೆ. ಬೇರೆ ಸಾವಿನ ಕೇಸುಗಳಲ್ಲೂ ಕೋರ್ಟುಗಳು ಇದನ್ನೇ ಆಧಾರ ಮಾಡಿಕೊಳ್ಳುವುದುಂಟು.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ ಹಮಾಲಿ ಅಂದುಕೊಳ್ಳಿ. ವಯಸ್ಸು 36, ತಿಂಗಳಿಗೆ 12,000 ರೂಪಾಯಿ ಗಳಿಕೆ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ವರ್ಷಕ್ಕೆ 1,44,000. ಖಾಯಂ ನೌಕರಿ ಇಲ್ಲದ, 40ರೊಳಗಿನವರಿಗೆ ಮುಂದಿನ ಗಳಿಕೆ ಅಂತ ಶೇ 40 ಸೇರಿಸುತ್ತಾರೆ, 2,01,600 ಆಯಿತು. ನಾಲ್ಕು ಜನ ಅವಲಂಬಿತರಿದ್ದರೆ ಅವನ ಸ್ವಂತ ಖರ್ಚು ಅಂತ ಕಾಲು ಭಾಗ ತೆಗೆಯುತ್ತಾರೆ, ಉಳಿಯೋದು 1,51,200. 36ರಿಂದ 40 ವಯಸ್ಸಿಗೆ ಗುಣಕ 15. ಒಟ್ಟು 22,68,000 ರೂಪಾಯಿ. ಅಂತ್ಯಕ್ರಿಯೆ, ಕುಟುಂಬದ ಸಾಂಗತ್ಯ ನಷ್ಟ ಇದರ ಮೇಲೆ ಬೇರೆ.

ಗಳಿಕೆಗೆ ಪುರಾವೆ ಬೇಕು. ಸಂಬಳದ ಚೀಟಿ ಇಲ್ಲದವರಿಗೆ ಎಪಿಎಂಸಿ ಹಮಾಲಿ ಲೈಸೆನ್ಸ್, ದಲಾಲರ ಲೆಕ್ಕದ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಹೊಲದ ಉತಾರ ಯಾವುದಾದರೂ ಆದೀತು. ಗಾಯದ ಕೇಸಾದರೆ ಆಸ್ಪತ್ರೆ ಬಿಲ್ಲು, ಔಷಧಿ ಚೀಟಿ, ಅಂಗವೈಕಲ್ಯ ಪ್ರಮಾಣಪತ್ರ.

ತಕ್ಷಣದ ಪರಿಹಾರ ಅಂತ ಇಲಾಖೆ ಚೆಕ್ ಕೊಟ್ಟರೆ ತಗೊಳ್ಳಿ. ತಗೊಂಡರೆ ಕೇಸ್ ಹಾಕುವಂತಿಲ್ಲ ಅನ್ನೋದು ಸುಳ್ಳು. ಆದರೆ ರಸೀದಿಯಲ್ಲಿ "ಪೂರ್ಣ ಮತ್ತು ಅಂತಿಮ ಪರಿಹಾರ, ಮುಂದೆ ತಕರಾರಿಲ್ಲ" ಅಂತ ಇದ್ದರೆ ಸಹಿ ಬೇಡ.

ಅವರು ಏನೇನು ಹೇಳುತ್ತಾರೆ?

"ಯಾರೋ ಕೊಕ್ಕೆ ಹಾಕಿ ಕರೆಂಟ್ ಕದಿಯುತ್ತಿದ್ದರು, ಅದಕ್ಕೇ ತಂತಿ ಬಿತ್ತು." ಮಧ್ಯಪ್ರದೇಶದ ವಿದ್ಯುತ್ ಮಂಡಳಿ ಇದನ್ನೇ ಹೇಳಿತ್ತು. ರಾತ್ರಿ ಸೈಕಲ್ ಮೇಲೆ ಮನೆಗೆ ಹೋಗುತ್ತಿದ್ದವರು ರಸ್ತೆಯಲ್ಲಿ ಬಿದ್ದಿದ್ದ ತಂತಿ ತುಳಿದು ಸತ್ತಿದ್ದರು. ಅಪಾಯಕಾರಿ ವಸ್ತುವನ್ನು ಹರಿಸುವವರೇ ಅದಕ್ಕೆ ಹೊಣೆ, ಮೂರನೆಯವರ ಮೇಲೆ ಹಾಕಿ ತಪ್ಪಿಸಿಕೊಳ್ಳುವಂತಿಲ್ಲ ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಶೈಲ್ ಕುಮಾರಿ ಪ್ರಕರಣ ಅಂತ ವಕೀಲರಿಗೆ ಹೇಳಿದರೆ ಸಾಕು.

"ಕ್ರಿಮಿನಲ್ ಕೇಸಿನಲ್ಲಿ ಡ್ರೈವರ್ ಖುಲಾಸೆ ಆಗಿದ್ದಾನೆ." ಆಗಲಿ. ಅಲ್ಲಿ ಬೇಕಾದ ಸಾಕ್ಷ್ಯದ ಮಟ್ಟ ಬೇರೆ, ಇಲ್ಲಿಯದ್ದು ಬೇರೆ.

"ಹೆಲ್ಮೆಟ್ ಇರಲಿಲ್ಲ, ಸ್ಪೀಡ್ ಇತ್ತು." ಇದು ಮಾತ್ರ ಪೊಳ್ಳು ವಾದವಲ್ಲ. ನಿಮ್ಮ ಪಾಲೂ ಇದೆ ಅಂತ ಕಂಡರೆ ಕೋರ್ಟ್ ಆ ಪ್ರಮಾಣದಲ್ಲಿ ಕಡಿತ ಮಾಡುತ್ತದೆ. ಆದರೆ ಇಡೀ ಕೇಸ್ ಬಿದ್ದು ಹೋಗಲ್ಲ.

ಹೆಜ್ಜೆ 8: ತೀರ್ಪಾದ ಮೇಲೆ ಹಣ

ಗೆದ್ದ ಕೂಡಲೇ ಹಣ ಬರುತ್ತದೆ ಅಂದುಕೊಳ್ಳಬೇಡಿ. ಮೋಟಾರು ಕೇಸಿನಲ್ಲಿ 30 ದಿನದೊಳಗೆ ಠೇವಣಿ ಇಡಬೇಕು ಅಂತ ಕಾಯ್ದೆ ಹೇಳುತ್ತದೆ. ಇಡದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ತೀರ್ಪು ಜಾರಿ ಮಾಡಿಸಿ ಅಂತ ಕೋರ್ಟಿಗೆ ಹಾಕುವ ಅರ್ಜಿ. ಕೋರ್ಟ್ ಅಮೀನರು ಬಸ್ ನಿಲ್ದಾಣಕ್ಕೇ ಹೋಗಿ ಬಸ್ ಜಪ್ತಿ ಮಾಡಿದ ಸುದ್ದಿ ನೀವೂ ಓದಿರುತ್ತೀರಿ, ಅದು ಇದೇ ಹಂತ. ರಾಜ್ಯ ಸರ್ಕಾರದ ಮೇಲಿನ ಡಿಕ್ರಿಯಾದರೆ (ಸಿವಿಲ್ ಕೋರ್ಟಿನ ತೀರ್ಪಾದರೆ) ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 82ರ ಪ್ರಕಾರ ಮೂರು ತಿಂಗಳು ಕಾಯಬೇಕು, ಆಮೇಲೆ ಅಮಲ್ಜಾರಿ. ಮೇಲ್ಮನವಿ ಹೋದರೂ ತಡೆಯಾಜ್ಞೆ ಕೊಡುವಾಗ ಒಂದಿಷ್ಟು ಠೇವಣಿ ಇಡಿಸಿ ಅಂತ ನಿಮ್ಮ ವಕೀಲರು ಕೇಳಲಿ. ಆ ಹಣದಲ್ಲಿ ಒಂದು ಪಾಲು ಬಿಡಿಸಿಕೊಳ್ಳಬಹುದು.

ಮಕ್ಕಳ ಪಾಲನ್ನು ಕೋರ್ಟ್ ಸಾಮಾನ್ಯವಾಗಿ 18 ತುಂಬುವವರೆಗೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ. ನಡುವೆ ಶಾಲೆ ಫೀಸಿಗೋ ಆಸ್ಪತ್ರೆಗೋ ಬೇಕಾದರೆ ಬ್ಯಾಂಕ್ ಮ್ಯಾನೇಜರ್ ಹತ್ತಿರ ಗೋಗರೆದು ಪ್ರಯೋಜನವಿಲ್ಲ. ಅದೇ ಕೋರ್ಟಿಗೆ ಫೀಸಿನ ರಸೀದಿ ಇಟ್ಟು ಒಂದು ಅರ್ಜಿ ಹಾಕಿ, ಆದೇಶದ ಪ್ರತಿ ತಂದು ಬ್ಯಾಂಕಿಗೆ ಕೊಡಿ.